ಒದರುವ ಬಾತು

ಆಗೆಲ್ಲ ನಮ್ಮ ಕಡೆ, ಸಿಂಧನೂರು ಮಸ್ಕಿ ನಡುವಿನ ಕಾಲುವೆ ಊರುಗಳಲ್ಲಿ, ನೀರು ಬಿಟ್ಟರೆಂದರೆ ಹಿತ್ತಲಲ್ಲೂ ಕೆಸರು, ಕೆಸರಿದ್ದಲ್ಲಿ ಬಾತುಕೋಳಿ. ಆ ವರ್ಷ ಅಪ್ಪ ತಂದ ಮರಿಗಳನ್ನು ನೋಡಿಕೊಳ್ಳುವ ಕೆಲಸ ನನ್ನದಾಯಿತು. ನೆನೆಸಿದ ನುಚ್ಚು, ಬಸವನಹುಳು, ಹಸಿ ಪಾಚಿ. ನನ್ನ ಲಂಗಕ್ಕೂ ಅದೇ ವಾಸನೆ. ಶಾಲೆಯಲ್ಲಿ ಪಕ್ಕ ಕೂತವರು ಮೂಗು ಮುಚ್ಚಿಕೊಂಡರೂ ನನಗೇನೂ ಅನ್ನಿಸುತ್ತಿರಲಿಲ್ಲ.

ಮರಿಗಳಿಗೆ ಪುಕ್ಕ ತುಂಬಿದ ಮೇಲೆ ಗುರುಗುಂಟಾದಿಂದ ಸೋದರಮಾವ ಬರುವ ಸುದ್ದಿ ಬಂತು. ಮನೆಯ ಯಜಮಾನಿಕೆ ದೊಡ್ಡವ್ವನದು. ಗಂಡು ಬಾತು ಕೊಯ್ಯುವುದು, ಹೆಣ್ಣನ್ನು ತತ್ತಿಗೆ ಉಳಿಸುವುದು ಆಕೆಯ ಪದ್ಧತಿ. ಆಕೆ ಬೆರಳು ತೋರಿಸಿದ್ದು ಓಣಿಗೆಲ್ಲ ಕೇಳುವಂತೆ ಒದರುವ ನನ್ನ ಮುದ್ದಿನ ಬಾತು ಚಿನ್ನಿಯ ಕಡೆಗೆ.

"ಇದು ಗಂಡು ಐತಿ. ದನಿ ಕೇಳಿಲ್ಲೇನು? ಹುಂಜ ಕೂಗತೈತಿ, ಹ್ಯಾಟಿ ಎಲ್ಯಾರ ಕೂಗತೈತೇನು?"

ಕೋಳಿ ಸಾಕಿಯೇ ತಲೆ ನರೆತವಳು, ಎದುರಾಡುವವರು ಯಾರು? ಆದರೆ ದಿನಾ ಸಂಜೆ ಒಂದೊಂದನ್ನೂ ಎತ್ತಿ ಬುಟ್ಟಿಯಡಿ ಮುಚ್ಚುತ್ತಿದ್ದವಳು ನಾನು. ಎತ್ತಿದರೆ ಕೆಲವು ಗಂಟಲು ಹರಿದುಕೊಳ್ಳುತ್ತಿದ್ದವು, ಕೆಲವು ನೆಗಡಿ ಬಂದವರ ಹಾಗೆ ಗೊರಗೊರ ಅನ್ನುತ್ತಿದ್ದವು. ಪಕ್ಕದ ಮನೆಯ ದೊಡ್ಡ ಬಾತುಗಳಲ್ಲಿ ತತ್ತಿಯಿಡುತ್ತಿದ್ದುದು ಒದರುವುದೇ. ಬಾಲದ ಗರಿ ಸುರುಳಿಯಾಗಿದ್ದ ಗಂಡಿಗೆ ಗೊರಗೊರ ಬಿಟ್ಟರೆ ದನಿಯೇ ಇರಲಿಲ್ಲ.

"ಬಾತಿಗೆ ಉಲ್ಟಾ ಐತಿ ದೊಡ್ಡವ್ವಾ! ಒದರೋದು ಹೆಣ್ಣು. ಗಂಡಿನ ಬಾಲದಾಗ ಗರಿ ಸುತ್ಕೊಂತೈತಿ, ಅಲ್ಲೀತನಕ ತಡಿ."

"ನಿನ್ನ ಮಾತು ಸುಳ್ಳಾದ್ರ?"

"ಚಿನ್ನಿನ್ನ ನಾನ ಹಿಡಕೊಡ್ತೀನಿ."

ದೊಡ್ಡವ್ವ ಕಾಯಲು ಒಪ್ಪಿದಳು. ಮಾವನಿಗೆ ಆ ಸಲ ಕೋಳಿಸಾರೇ ಆಯಿತು. ಬೆಳಗಾದರೆ ನಾನು ಬಾಲ ನೋಡುತ್ತಿದ್ದೆ. ಚಿನ್ನಿಯ ಬಾಲ ನೆಟ್ಟಗಿತ್ತು, ಆದರೆ ಉಳಿದವುಗಳದ್ದೂ ನೆಟ್ಟಗೇ ಇತ್ತು.

ನೆಲ್ಲು ತೆನೆಬಾಗುವ ಹೊತ್ತಿಗೆ ಒಂದು ಬೆಳಿಗ್ಗೆ, ಗೊರಗೊರ ಅನ್ನುವ ಬಾತೊಂದರ ಬಾಲದಲ್ಲಿ ಗರಿ ಮೇಲಕ್ಕೆ ಸುತ್ತಿಕೊಂಡಿತ್ತು! ಕೆಲವೇ ದಿನಗಳಲ್ಲಿ ದನಿಯಿಲ್ಲದವಕ್ಕೆಲ್ಲ ಸುರುಳಿ. ಒದರುವ ಒಂದಕ್ಕೂ ಇಲ್ಲ. ಚಿನ್ನಿಯನ್ನು ಕಂಕುಳಲ್ಲಿ ಇರುಕಿಕೊಂಡು ಓಣಿ ತುಂಬ ಮೆರವಣಿಗೆ ಹೊರಟೆ. ದೊಡ್ಡವ್ವ ಕಟ್ಟೆಯ ಮೇಲಿದ್ದ ಹೆಂಗಸರ ಎದುರಿಗೇ ಚಪ್ಪಾಳೆ ತಟ್ಟಿ ನಕ್ಕಳು.

"ಏ, ಬರ್ರೇ ಇಲ್ಲಿ! ಈ ಹುಡುಗಿ ಮುಂದ ನಾ ಸೋತೆ. ಇನ್ಮ್ಯಾಲೆ ಬಾತಿನ ಮಾತು ಈಕಿನ್ನ ಕೇಳ್ರಿ."

ಕೇಳಿದರು ಕೂಡ! ಯಾರ ಹಿತ್ತಲಲ್ಲಿ ಮರಿ ಬೆಳೆದರೂ ನನಗೆ ಕರೆ. ಒಂದೊಂದನ್ನೇ ಎತ್ತಿ, ಕಿವಿಗೊಟ್ಟು, ತೀರ್ಪು ಹೇಳಿ, ಅವರು ಕೊಟ್ಟ ಬೆಲ್ಲ ತಿನ್ನುತ್ತ ಬರುತ್ತಿದ್ದೆ.

ಈಗ ನಮ್ಮ ಹಿತ್ತಲಿಗೆ ಸಿಮೆಂಟು ಬಿದ್ದಿದೆ. ಬಾತುಗಳಿಲ್ಲ, ದೊಡ್ಡವ್ವನೂ ಇಲ್ಲ. ಲಿಂಗಸುಗೂರಿನ ನನ್ನ ಮನೆಗೆ ತತ್ತಿ ಅಂಗಡಿಯಿಂದ ಬರುತ್ತದೆ, ಅದಕ್ಕೇನೂ ದುಃಖವಿಲ್ಲ. ಆದರೆ ಮಗಳು "ಅವ್ವಾ, ನೀ ಹೇಳಿದ್ದು ತಪ್ಪೈತಿ" ಅಂದಾಗೆಲ್ಲ ನನಗೆ ಮೊದಲು ಬರುವುದು ಸಿಟ್ಟೇ. ಓಣಿಯ ಮಂದಿಯನ್ನು ಕರೆದು ನಗುನಗುತ್ತ ಸೋಲೊಪ್ಪುವ ಆ ದೊಡ್ಡ ಮನಸ್ಸು ನಮ್ಮ ಮನೆಯಿಂದ ದೊಡ್ಡವ್ವನ ಜೊತೆಗೇ ಹೋಯಿತು.