ನಿಂಬೆರಸದಲ್ಲಿ ಎದ್ದ ಸಂದು

1996ರಲ್ಲಿ ನಾನು ವರ್ಜೀನಿಯಾದ ರೆಸ್ಟನ್ನಿನ ಖಾಸಗಿ ಲ್ಯಾಬ್ ಒಂದರಲ್ಲಿ ಸೀನಿಯರ್ ಮೆಟಲರ್ಜಿಸ್ಟ್, ಅಂದರೆ ಲೋಹತಜ್ಞ, ಆಗಿದ್ದೆ. ಬೋಲ್ಟು, ಬೇರಿಂಗು, ಪೈಪು ಏಕೆ ಮುರಿದವು ಎಂದು ಪರೀಕ್ಷಿಸಿ ವರದಿ ಕೊಡುವುದು ನನ್ನ ಕೆಲಸ. ಫಿಲಿಪೀನ್ಸಿನ ಬುಡಕಟ್ಟುಗಳ ಕತ್ತಿಗಳನ್ನು ಸಂಗ್ರಹಿಸುವುದು ನನ್ನ ಹುಚ್ಚು. ಉತ್ತರ, ದಕ್ಷಿಣ ಕೆರೊಲಿನಾಗಳ ಫ್ಲೀ ಮಾರ್ಕೆಟ್ ಎಂಬ ಹಳೆ ಸಾಮಾನಿನ ಸಂತೆಗಳಲ್ಲಿ ಅಲೆದು ತಂದವುಗಳಿಂದ ಬೇಸ್‌ಮೆಂಟ್ ತುಂಬಿತ್ತು. ಇದೇನು ಮನೆಯೋ ಗರಡಿಯೋ ಎಂದು ಹೆಂಡತಿ ಸುಮಾ ರೇಗಿಸುತ್ತಿದ್ದಳು.

ಆ ಹುಚ್ಚನ್ನು ಕೆಲಸಕ್ಕೆ ಹಚ್ಚಿದವಳೂ ಅವಳೇ. ಅವಳು ನರ್ಸ್. ಆಸ್ಪತ್ರೆಯಲ್ಲಿ ಅವಳ ಜೊತೆಗಿದ್ದ ನೂರಾ ಫಿಲಿಪೀನ್ಸಿನ ಮಿಂಡನಾವೋ ದ್ವೀಪದ ಮರನಾವೋ ಜನಾಂಗದವಳು. ನೂರಾಳ ಮನೆಯಲ್ಲೊಂದು ಕ್ರಿಸ್ ಇತ್ತು, ಅಂದರೆ ಅಲೆಯಲೆಯಾದ ಅಲಗಿನ ಕತ್ತಿ. ತನ್ನ ತಂದೆಯಿಂದ ಬಂದದ್ದೆಂದು ಅವಳ ಜೊತೆಗೇ ಇದ್ದ ಅಪ್ಪ ಹೇಳುತ್ತಿದ್ದರು. ಫೋಟೊ ನೋಡಿದ ಅಟ್ಲಾಂಟಾದ ವ್ಯಾಪಾರಿಯೊಬ್ಬ, ಅದು ಪ್ರವಾಸಿಗರಿಗೆ ಮಾರುವ ಹೊಸ ಮಾಲು ಎಂದುಬಿಟ್ಟ. ನೂರಾ ಅದನ್ನು ನಂಬಿ, ಸಂತೆಯಲ್ಲಿ ಕೊಂಡಿರಾ ಎಂದು ಅಪ್ಪನನ್ನೇ ಕೇಳಿದಳು. ಅಂದಿನಿಂದ ಮುದುಕರು ಮಗಳ ಜೊತೆ ಮಾತು ಬಿಟ್ಟಿದ್ದರು.

"ರೀ, ಅವರಪ್ಪ ಊಟಾನೂ ಸರಿಯಾಗಿ ಮಾಡ್ತಿಲ್ವಂತೆ. ನಿಮ್ಮ ವಿದ್ಯೆ ಬರೀ ಬೋಲ್ಟ್ ನೋಡೋದಕ್ಕೇನಾ? ಒಂದ್ಸಲ ಹೋಗಿ ಚೆಕ್ ಮಾಡಿ," ಎಂದಳು ಸುಮಾ.

ಶನಿವಾರ ಇಬ್ಬರೂ ನೂರಾಳ ಮನೆಗೆ ಹೋದೆವು. ಹಳೆಯ ಕ್ರಿಸ್‌ಗಳಲ್ಲಿ ಹಿಡಿಯ ಪಕ್ಕದ ಅಗಲ ಭಾಗ ಬೇರೆ ತುಂಡು; ಅದನ್ನು ಅಲಗಿಗೆ ಬಿಗಿಯಾಗಿ ಕೂಡಿಸಿರುತ್ತಾರೆ. ಈಚಿನವು ಒಂದೇ ತುಂಡು. ಸಂದಿನಂತೆ ಕಾಣಲೆಂದು ಮೇಲೊಂದು ಗೆರೆ ಕೊರೆದಿರುತ್ತಾರೆ. ನೂರಾಳ ಕ್ರಿಸ್‌ನಲ್ಲಿ ಮಸುಕಾದ ಗೀರಷ್ಟೇ ಇತ್ತು. ಆದರೆ ಅಲಗು ಸ್ಟೀಲ್ ಲೋಟದಂತೆ ಥಳಥಳ ಹೊಳೆಯುತ್ತಿತ್ತು. ಯಾರು ಹೀಗೆ ಮಾಡಿದ್ದು ಎಂದು ಕೇಳಿದೆ. ಅಪ್ಪನ ಹುಟ್ಟುಹಬ್ಬಕ್ಕೆಂದು ನೂರಾಳೇ ಪಾಲಿಷಿಂಗ್ ವೀಲ್‌ನಲ್ಲಿ ಉಜ್ಜಿಸಿದ್ದಳಂತೆ; ವ್ಯಾಪಾರಿ ನೋಡಿದ ಫೋಟೊ ಆಮೇಲಿನದು. ಹಾಗೆ ಉಜ್ಜಿದರೆ ಮೇಲ್ಪದರದ ಲೋಹ ಹರಡಿಕೊಂಡು ಸಂದನ್ನು ಮುಚ್ಚಿಬಿಡುತ್ತದೆ. ಅದು ನಾನು ದಿನಾ ಲ್ಯಾಬಿನಲ್ಲಿ ಕಾಣುತ್ತಿದ್ದ ವಿಷಯ.

ಕತ್ತರಿಸಕೂಡದು, ಹಿಡಿ ಬಿಚ್ಚಕೂಡದು ಎಂದರು ಮುದುಕರು. ನಿಂಬೆರಸ ಸಾಕು ಎಂದೆ. ಅವರು ಆಗ ನನ್ನ ಮುಖ ನೋಡಿದರು. ಅವರ ಊರಲ್ಲೂ ಅಲಗಿಗೆ ಅದನ್ನೇ ಹಚ್ಚುತ್ತಿದ್ದರಂತೆ. ರಸ ಸವರಿ, ತೊಳೆದು, ಮತ್ತೆ ಸವರಿದೆ. ಹೊಳಪು ಕಂದಿತು. ಪದರ ಪದರವಾಗಿ ಬಡಿದ ಕಬ್ಬಿಣದ ಎಳೆಗಳು ಎದ್ದವು. ಕೊನೆಗೆ ಸಂದೂ ಕಂಡಿತು. ಅದು ಅಂಚಿನ ದಪ್ಪವನ್ನು ದಾಟಿ ಇನ್ನೊಂದು ಬದಿಗೂ ಹೋಗಿತ್ತು. ಕೊರೆದ ಗೆರೆ ಹಾಗೆ ಹೋಗುವುದಿಲ್ಲ. ಸುಳ್ಳೇಕೆ ಹೇಳಲಿ, ಹೆಮ್ಮೆಯಿಂದ ನನ್ನ ಎದೆ ಉಬ್ಬಿತು.

ಇದು ಹಳೆಯ ಕೈಕೆಲಸ, ನಿಮ್ಮಪ್ಪ ಹೇಳಿದ್ದು ನಿಜ ಎಂದು ನೂರಾಳಿಗೆ ಹೇಳಿದೆ. ಅವಳು ಅಳತೊಡಗಿದಳು. ಮುದುಕರು ಕತ್ತಿಯನ್ನು ಒರೆಸಿ, ಎಣ್ಣೆ ಹಚ್ಚಿ, ಎರಡೂ ಕೈಯಲ್ಲಿ ಹಿಡಿದು ಮಗಳಿಗೆ ಕೊಟ್ಟರು.

"ಇನ್ಮೇಲೆ ಇದು ನಿಂದು. ಯಾರಾದ್ರೂ ಕೇಳಿದ್ರೆ, ಅಜ್ಜನ ಕತ್ತಿ ಅಂತ ನೀನೇ ಹೇಳು."

ವಸ್ತುವನ್ನು ಕೈಯಲ್ಲಿ ಹಿಡಿಯದೆ, ಇಟ್ಟುಕೊಂಡವರನ್ನು ಕೇಳದೆ ತೀರ್ಪು ಕೊಡಬಾರದೆಂದು ಈ ವೃತ್ತಿ ನನಗೆ ಕಲಿಸಿತು. ಏಕೆ ಮುರಿಯಿತು ಎಂದು ಲೆಕ್ಕವಿಲ್ಲದಷ್ಟು ವರದಿ ಬರೆದಿದ್ದೇನೆ. ಅಪ್ಪ ಮಗಳನ್ನು ಮತ್ತೆ ಮಾತಾಡಿಸುವಂತೆ ಮಾಡಿದ ಪರೀಕ್ಷೆ ಇದೊಂದೇ. ಅದಕ್ಕೆ ಯಾರೂ ವರದಿ ಕೇಳಲಿಲ್ಲ.