ಬಸ್ಸಿನ ಉಸಿರು ಅಳೆಯುವ ಮಾಬ್ಲೇಶ್ವರ

ಬೆಳಗಿನ ಐದು ಗಂಟೆ. ಹೊನ್ನಾವರದ ಹೆದ್ದಾರಿ ಬದಿಯ ಖಾಸಗಿ ಬಸ್ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಮಾಬ್ಲೇಶ್ವರ ನಾಯ್ಕರು ಎಂಜಿನ್ನಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಾರೆ. ಕೈಯಲ್ಲೊಂದು ಹಲಗೆ, ಅದಕ್ಕೆ ಬಗ್ಗಿಸಿ ಬಿಗಿದ ಪ್ಲಾಸ್ಟಿಕ್ ನಳಿಕೆ, ನಳಿಕೆಯೊಳಗೆ ಅರ್ಧ ನೀರು. ಅದರ ಒಂದು ತುದಿಯನ್ನು ಏರ್ ಫಿಲ್ಟರಿನಿಂದ ಎಂಜಿನ್ನಿಗೆ ಗಾಳಿ ಹೋಗುವ ಪೈಪಿಗೆ ಸಿಕ್ಕಿಸಿ ಕೈ ಎತ್ತುತ್ತಾರೆ. ಡ್ರೈವರ್ ಆಕ್ಸಿಲರೇಟರ್ ಒತ್ತಿ ರೇಸ್ ಮಾಡುತ್ತಾನೆ. ನಳಿಕೆಯ ಒಂದು ಬದಿಯ ನೀರು ಇಳಿದು ಇನ್ನೊಂದು ಬದಿಯದು ಏರುತ್ತದೆ. ನಡುವಿನ ಅಂತರ ಒಂಬತ್ತು ಇಂಚು. "ಆತು, ಹೋಗ್ಲಿ" ಎನ್ನುತ್ತಾರೆ.

ಫಿಲ್ಟರಿನಲ್ಲಿ ಧೂಳು ಕಟ್ಟಿದಷ್ಟೂ ಎಂಜಿನ್ ಏದುಸಿರು ಬಿಡುತ್ತದೆ, ನೀರು ಮೇಲೇರುತ್ತದೆ. ನಿಂತ ಬಸ್ಸಿನಲ್ಲೇ ಹದಿನೈದು ಇಂಚು ದಾಟಿದರೆ ಫಿಲ್ಟರ್ ಬದಲಿಸಬೇಕೆಂಬುದು ನಾಯ್ಕರ ಲೆಕ್ಕ. ಹೆದ್ದಾರಿ ಅಗಲೀಕರಣ ಶುರುವಾದ ಮೇಲೆ ಭಟ್ಕಳದಿಂದ ಕುಮಟಾದವರೆಗೂ ಕೆಂಪು ಧೂಳು. ದಿನಕ್ಕೆ ಹದಿನಾಲ್ಕು ಬಸ್ಸು, ಹದಿನಾಲ್ಕು ಸಲ ಈ ನೀರಾಟ.

ಫಿಲ್ಟರ್ ಕಟ್ಟಿದರೆ ಕೆಂಪು ಪಟ್ಟಿ ತೋರಿಸುವ ಪುಟ್ಟ ಸಾಧನ ಬಸ್ಸಿನಲ್ಲೇ ಇದೆ. ಆದರೆ ನಾಯ್ಕರಿಗೆ ಕೆಂಪು, ಹಸಿರು ಎರಡೂ ಒಂದೇ. ಮಂಕಿ ಊರಿನ ಈ ಮನುಷ್ಯ ಇಪ್ಪತ್ತೆರಡರ ಪ್ರಾಯದಲ್ಲಿ ಡ್ರೈವರ್ ಆಗಲು ಹೋಗಿದ್ದರು. ಕಣ್ಣಿನ ಡಾಕ್ಟರು ಬಣ್ಣದ ಚುಕ್ಕಿಗಳ ನಡುವಿನ ಅಂಕಿ ಓದಲು ಹೇಳಿದರು. ಇವರಿಗೆ ಬರಿಯ ಚುಕ್ಕಿ ಕಂಡವು. ಜೊತೆಗೆ ಹೋಗಿದ್ದ ಶಿರಾಲಿಯ ಭಾಸ್ಕರ ಓದಿ ಪಾಸಾದರು.

ಅಂದಿನಿಂದ ಮೂವತ್ತು ವರ್ಷ, ಭಾಸ್ಕರ ಸ್ಟೇರಿಂಗ್ ಹಿಡಿದ ಬಸ್ಸಿಗೆ ಇವರು ಸ್ಪ್ಯಾನರ್ ಹಿಡಿದರು. ಭಾಸ್ಕರನಿಗೆ ಊರೂರಲ್ಲಿ ಚಾ ಕೊಡುವವರಿದ್ದಾರೆ, ಹೆಸರು ಹಿಡಿದು ಕರೆಯುವವರಿದ್ದಾರೆ. ಇವರಿಗೆ ಕರಿ ಹಿಡಿದ ಉಗುರು ಮತ್ತು ಮಂದವಾದ ಕಿವಿ. ಕಳೆದ ವರ್ಷ ಡೀಸೆಲ್ ಉಳಿಸಿದ್ದಕ್ಕೆಂದು ಮಾಲಕರು ಭಾಸ್ಕರನಿಗೆ ಮೂರನೇ ಬಾರಿ ಶಾಲು ಹೊದೆಸಿದರು. ನಾಯ್ಕರು ಹಿಂದಿನ ಸಾಲಿನಲ್ಲಿ ಚಪ್ಪಾಳೆ ತಟ್ಟಿದರು. "ಡೀಸೆಲ್ ಉಳ್ಸಿದ್ದು ಯಾರು? ಆಕ್ಸಿಲರೇಟರ್ ಒತ್ತೂ ಕಾಲೊಂದೇ ಉಳ್ಸ್ತದಾ?" ಎಂದು ಈಗಲೂ ಕೇಳುತ್ತಾರೆ.

ಶಾಲು ಹೊದೆಸಿದ ಮರುದಿನ ಬೆಳಿಗ್ಗೆ ಭಾಸ್ಕರನ ಬಸ್ಸಿನಲ್ಲಿ ನೀರು ಹತ್ತೊಂಬತ್ತು ಇಂಚಿಗೆ ಏರಿತು. ನಾಯ್ಕರು ಕಂಡರು. ಕಂಡೂ ನಳಿಕೆ ಕಿತ್ತು, ಆತು ಎಂದುಬಿಟ್ಟರು. ಮೈಲೇಜ್ ಬೀಳಲಿ, ಕಪ್ಪು ಹೊಗೆ ಕಕ್ಕಲಿ, ಜನ ನೋಡಲಿ ಎಂಬುದಷ್ಟೇ ಮನಸ್ಸಿನಲ್ಲಿತ್ತು. ಬಸ್ಸು ಕುಮಟಾ ಮೇಲೆ ಶಿರಸಿಗೆ ಹೊರಟಿತು.

ತರಿಸಿದ ಚಾ ಆರಿತು. ದೇವಿಮನೆ ಘಟ್ಟದ ತಿರುವಿನಲ್ಲಿ, ತುಂಬಿದ ಬಸ್ಸು ಎಳೆಯಲಾರದೆ ನಿಂತರೆ, ಹಿಂದೆ ಲಾರಿ ಇದ್ದರೆ ಎಂಬ ಯೋಚನೆ ಹೊಕ್ಕಿದ್ದೇ ನಾಯ್ಕರು ಹೊಸ ಫಿಲ್ಟರನ್ನು ಬೈಕಿಗೆ ಕಟ್ಟಿಕೊಂಡು ಹೊರಟರು. ಕುಮಟಾ ಸ್ಟ್ಯಾಂಡಿನಲ್ಲಿ ಬಸ್ಸಿಲ್ಲ. ಘಟ್ಟಕ್ಕೆ ಮುಂಚಿನ ಕತಗಾಲದಲ್ಲಿ ಚಾಕ್ಕೆ ನಿಂತದ್ದು ಸಿಕ್ಕಿತು.

ಎಂತಕ್ಕೆ ಬಂದೆ ಎಂದು ಭಾಸ್ಕರ ಕೇಳಿದಾಗ ನಾಯ್ಕರು ಸುಳ್ಳು ಹೇಳಬಹುದಿತ್ತು.

"ಫಿಲ್ಟರ್ ಕಟ್ಟಿತ್ತು. ನಾ ಬೆಳಗ್ಗೇ ಕಂಡಿದ್ದೆ."

"ಮತ್ತೆ ಬಿಟ್ಟದ್ದು ಎಂತಕ್ಕೆ?"

"ನಿಂಗೆ ಶಾಲು ಹಾಕಿದ್ರಲ್ಲ, ಅದ್ಕೇ."

ಭಾಸ್ಕರ ಬಯ್ಯಲಿಲ್ಲ. ಫಿಲ್ಟರ್ ಬದಲಿಸಿ ಮುಗಿಯುವವರೆಗೂ ಅದರ ಮುಚ್ಚಳ ಹಿಡಿದು ನಿಂತರು. ಆದರೆ ಆಮೇಲೆ ಎರಡು ತಿಂಗಳು ಮಾತಾಡಲಿಲ್ಲ. ಮಾಲಕರಿಗೂ ಹೇಳಲಿಲ್ಲ. ದಿನಾ ಬೆಳಿಗ್ಗೆ ರೇಸ್ ಮಾಡಲು ಕ್ಲೀನರನನ್ನು ಕೂರಿಸಿ, ಸೀಟಿನಿಂದ ಇಳಿದು ಬಂದು, ನೀರು ಎಲ್ಲಿಗೆ ಏರಿದೆಯೆಂದು ತಾವೇ ನೋಡಿ ಹೋಗುತ್ತಿದ್ದರು. ಯಾವ ಬೈಗುಳವೂ ತನಗೆ ಅಷ್ಟು ತಾಗುತ್ತಿರಲಿಲ್ಲ ಎನ್ನುತ್ತಾರೆ ನಾಯ್ಕರು. ಮಳೆಗಾಲ ಹಿಡಿದ ಮೇಲೆ ಒಂದು ದಿನ ಭಾಸ್ಕರ ಇಳಿಯದೆ ಸೀಟಿನಲ್ಲೇ ಕೂತು, "ಎಷ್ಟುಂಟು?" ಎಂದು ಕೇಳಿದರು. "ಎಂಟು" ಎಂದರು ನಾಯ್ಕರು. ಬಸ್ಸು ಹೊರಟಿತು.

ಈ ವರ್ಷವೂ ಶಾಲು ಭಾಸ್ಕರನಿಗೇ. ಈಗ ಹೊಟ್ಟೆಕಿಚ್ಚು ಹೋಯಿತೇ ಎಂದು ಕೇಳಿದರೆ ನಾಯ್ಕರು ಕೈ ಒರೆಸಿಕೊಳ್ಳುತ್ತಾರೆ.

"ಅದು ಎಲ್ಲಿಗೆ ಹೋಗ್ತದೆ? ಇದೆ. ಆದ್ರೆ ಹೊಟ್ಟೇಲಿದ್ದದ್ದು ಕೈಗೆ ಇಳೀಲಿಕ್ಕೆ ನಾ ಬಿಡೂದಿಲ್ಲ."