ನಾಗರತ್ನ ಮೇಡಂ ಕಿತ್ತುಹಾಕಿದ ಅಧ್ಯಾಯ

ಮದ್ದೂರಿನ ಒಂದು ಕಾಲೇಜಿನಲ್ಲಿ ನಾಗರತ್ನ ಹದಿನೇಳು ವರ್ಷದಿಂದ ಅತಿಥಿ ಉಪನ್ಯಾಸಕಿ. ಹದಿನೇಳು ವರ್ಷ ಉಳಿಯುವ ಅತಿಥಿಯನ್ನು ಯಾರು ಕಂಡಿದ್ದಾರೋ, ದೇವರೇ ಬಲ್ಲ! ಜೂನ್ ಒಳಗೆ ಪಿಎಚ್.ಡಿ. ಪ್ರಬಂಧ ಸಲ್ಲಿಸದಿದ್ದರೆ ಈ ವರ್ಷ ಆ ಕೆಲಸವೂ ಇಲ್ಲವೆಂದು ಪ್ರಾಂಶುಪಾಲರು ಮುಖಕ್ಕೇ ಹೇಳಿದ್ದರು.

ಸರ್ಕಾರಿ ಆಸ್ಪತ್ರೆಯ ಮೇಲೆ ಹಳ್ಳಿ ಹೆಂಗಸರಿಗೆ ಎಷ್ಟು ನಂಬಿಕೆ ಎಂಬುದು ಅವಳ ವಿಷಯ. ಪೂರಿಗಾಲಿ ಕಡೆಯ ಹಳ್ಳಿಗಳಿಗೆ ಬಸ್ಸು ಹತ್ತಿ ಇಳಿದು ಮುನ್ನೂರ ನಲವತ್ತು ಜನರನ್ನು ಕೇಳಿದ್ದಳು. ಪ್ರತಿ ಪ್ರಶ್ನೆಗೂ 'ಒಪ್ಪೋದೇ ಇಲ್ಲ'ದಿಂದ 'ಪೂರ್ತಿ ಒಪ್ತೀನಿ'ವರೆಗೆ ಐದು ಮೆಟ್ಟಿಲು. ನರ್ಸಿನ ಮಾತು ಬಂದರೆ ಚಿಕ್ಕನಂಜಮ್ಮನಂಥ ಹಿರಿಯರು, "ಅಯ್, ಅವ್ಳು ನಮ್ಮೂರ್ ಸೊಸೆ ಕಣಮ್ಮ, ಪೂರ್ತಿ ಅಂತ್ಲೇ ಬರ್ಕೊ," ಅನ್ನೋರು. ಆಸ್ಪತ್ರೆಯಲ್ಲಿ ಚೀಟಿ ಬರೆಯುವವನು ಇನ್ಯಾರದೋ ಅಳಿಯ. ಹೀಗೆ ಆಸ್ಪತ್ರೆಯವರ ಬಗೆಗಿನ ಐದು ಪ್ರಶ್ನೆಗಳಿಗೆ ಊರಿಗೂರೇ ಮೇಲಿನ ಮೆಟ್ಟಿಲು ಹತ್ತಿ ಕೂತಿತ್ತು.

ಪ್ರಶ್ನೆ ಪ್ರಶ್ನೆಗಿರುವ ನಂಟನ್ನು ಅಳೆಯುವ ಪಿಯರ್ಸನ್ ವಿಧಾನ ಆ ಮೆಟ್ಟಿಲುಗಳೆಲ್ಲ ಸಮ ಎಂದುಕೊಳ್ಳುತ್ತದೆ. ಅದು ಈ ಐದು ಪ್ರಶ್ನೆಗಳನ್ನು ಉಳಿದವುಗಳಿಂದ ಬೇರೆ ಗುಂಪು ಮಾಡಿ ಕೊಟ್ಟಿತು. ನಾಗರತ್ನ ಅದಕ್ಕೆ 'ಆಪ್ತತೆ' ಎಂದು ಹೆಸರಿಟ್ಟು ನಾಲ್ಕನೇ ಅಧ್ಯಾಯವನ್ನೇ ಕಟ್ಟಿದಳು.

ಪಾಲಿಕೋರಿಕ್ ಎಂಬ ಇನ್ನೊಂದು ವಿಧಾನ ಮೆಟ್ಟಿಲು ಸಮ ಎಂದು ನಂಬದೆ ಉತ್ತರದ ಹಿಂದಿನ ಒಲವನ್ನು ಅಂದಾಜು ಮಾಡುತ್ತದೆ. ಅದೇ ಸರಿಯೆಂದು ಅವಳಿಗೆ ಎರಡು ವರ್ಷದಿಂದ ಗೊತ್ತಿತ್ತು. ಧೈರ್ಯ ಸಾಲದೆ ಬಿಟ್ಟಿದ್ದಳು, ಅಷ್ಟೆ. ಗಡುವಿಗೆ ಮೂರು ವಾರ ಇರುವಾಗ ಹಾಳಾಗಿ ಹೋಗಲಿ ಅಂತ ಹಾಕಿ ನೋಡಿದಳು. ಆ ಐದು ಪ್ರಶ್ನೆಗಳಲ್ಲಿ ಒಂದು ಮೆಟ್ಟಿಲು ಕೆಳಗಿಳಿದವರು ಉಳಿದ ಪ್ರಶ್ನೆಗಳಲ್ಲೂ ಕೆಳಗಿದ್ದವರೇ. ಗುಂಪು ಎರಡಲ್ಲ, ಒಂದೇ. 'ಆಪ್ತತೆ' ಅನ್ನೋದು ಇರಲೇ ಇಲ್ಲ.

"ಹಳೇದನ್ನೇ ಕೊಡಿಯಮ್ಮ, ಯಾರು ಕೆದಕ್ತಾರೆ?" ಅಂದರು ಫೋನಿನಲ್ಲಿ ಮಾರ್ಗದರ್ಶಕ ಜಯಪ್ರಕಾಶ್.

"ನಂಗೇ ಗೊತ್ತಲ್ಲ ಸಾರ್," ಅಂದಳು.

ಅಧ್ಯಾಯ ಕಿತ್ತುಹಾಕಿದಳು. ಹೊಸದಾಗಿ ಬರೆಯಲು ಮೂರು ವಾರ ಎಲ್ಲಿ ಸಾಕು? ಜೂನ್ ಮುಗಿಯಿತು, ಉಪನ್ಯಾಸಕರ ಪಟ್ಟಿ ಬಂತು, ಅವಳ ಹೆಸರಿರಲಿಲ್ಲ.

ಶಿವನಸಮುದ್ರದ ವಿದ್ಯುತ್ ಕೇಂದ್ರದಲ್ಲಿ ಪಾಳಿ ಮುಗಿಸಿ ಬಂದ ಗಂಡ ಕೆಂಪರಾಜು ಪಕ್ಕದಲ್ಲಿ ಕೂತ. "ಎರಡ್ನೇ ಪಟ್ಟಿ ಬತ್ತದಂತಲ್ಲಮ್ಮಿ. ಕಿತ್ತಾಕಿದ್ನ ವಾಪಸ್ ಸೇರಿಸ್ಬುಟ್ಟು ಕೊಟ್ಬುಡು. ಸಾಕು ಈ ಗೋಳು."

"ಇಲ್ದೇ ಇರೋದ್ನ ಎಲ್ಲಿಂದ ತಂದು ಸೇರಿಸ್ಲಿ?" ಅಂದಳು ನಾಗರತ್ನ. ಇಷ್ಟು ದಿನ ತಡೆದಿದ್ದವಳು ಅವನ ಮುಂದೆಯೇ ಅತ್ತುಬಿಟ್ಟಳು.